ಎರಡು ಸಾಲು, ಒಂದೇ ಎದೆಬಡಿತ

ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಜಿಪುಣಕ್ಕ. ಹಾಗಂತ ಕೈ ಬಿಗಿಯ ಹೆಂಗಸೇನಲ್ಲ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದವಳಲ್ಲ. ಮಳೆ ಬಂದರೆ ಇನ್ನೊಬ್ಬರಿಗೆ ಕೊಡೆ ಕೊಟ್ಟು ತಾನು ನೆನೆದುಕೊಂಡು ಹೋಗುವವಳು. ಅವಳ ಜಿಪುಣತನವೆಲ್ಲ ಕಂಪ್ಯೂಟರಿನ ಮೆಮೊರಿಯ ಮೇಲೆ. ಹೊಸದಾಗಿ ಸೇರಿದವರು ಬರೆದ ಪ್ರೋಗ್ರಾಂ ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದಳು. "ಇಬ್ಬರು ಕೂರೋದಕ್ಕೆ ಇಡೀ ಬಸ್ಸು ಹಿಡಿದಿದ್ದೀರಲ್ರೋ! ಇಳಿದಮೇಲಾದ್ರೂ ವಾಪಸ್ ಕಳಿಸ್ತೀರೋ, ಇಲ್ಲಾ ಮನೆ ಮುಂದೇನೇ ನಿಲ್ಲಿಸಿಕೊಳ್ತೀರೋ?"

ಅವಳು ಬೆಳೆದದ್ದು ಎರಡು ಕೋಣೆಯ ಮನೆಯಲ್ಲಿ, ಒಡಹುಟ್ಟಿದವರ ದಂಡಿನ ನಡುವೆ. ಮನೆಗಿದ್ದದ್ದು ಒಂದೇ ಮೇಜು. ಬೆಳಿಗ್ಗೆ ಅದರ ಮೇಲೆ ಮಕ್ಕಳ ಓದು, ಮಧ್ಯಾಹ್ನ ಅಮ್ಮನ ಇಸ್ತ್ರಿ, ಸಂಜೆ ಅಪ್ಪನ ರೇಡಿಯೋ ರಿಪೇರಿ. ಅದು ಖಾಲಿ ಕೂತದ್ದನ್ನು ಅವಳು ಕಂಡೇ ಇರಲಿಲ್ಲ. ದೊಡ್ಡವಳಾಗಿ ಪ್ರೋಗ್ರಾಂ ಬರೆಯುವುದನ್ನು ಕಲಿತಾಗ, ಇರುವ ಜಾಗವನ್ನೇ ತಿರುಗಿಸಿ ಮುರುಗಿಸಿ ಬಳಸುವ ಕೆಲಸ ಅವಳಿಗೆ ಹುಟ್ಟಿನಿಂದ ಬಂದಂತೆ ಒಗ್ಗಿಹೋಯಿತು.

ಅವಳ ಕಂಪನಿ ಆಸ್ಪತ್ರೆಗಳಿಗೆ ಒಂದು ಯಂತ್ರ ಮಾಡುತ್ತಿತ್ತು. ವಾರ್ಡಿನಲ್ಲಿ ಮಲಗಿದ ರೋಗಿಗಳ ಎದೆಗೆ ಅಂಟಿಸಿದ ವೈರುಗಳೆಲ್ಲ ಬಂದು ಅದನ್ನು ಸೇರುತ್ತವೆ. ನರ್ಸ್ ಕೂರುವ ಮೇಜಿನ ಮೇಲಿನ ಪರದೆಯಲ್ಲಿ ಒಬ್ಬೊಬ್ಬ ರೋಗಿಗೂ ಒಂದೊಂದು ಸಾಲು. ಆ ಸಾಲಿನಲ್ಲಿ ಹಸಿರು ಗೆರೆಯೊಂದು ಏರುತ್ತ ಇಳಿಯುತ್ತ ಓಡುತ್ತಿರುತ್ತದೆ. ಬಡಿತ ಹೆಚ್ಚುಕಮ್ಮಿಯಾದರೆ ಯಂತ್ರ ಕಿರುಚಿಕೊಳ್ಳುತ್ತದೆ. ಅಷ್ಟೇ ಅದರ ಕೆಲಸ.

ಎದೆಯಿಂದ ಹೊರಟ ಬಡಿತ ಪರದೆಗೆ ಹೋಗುವ ಮೊದಲು ಒಂದು ಗಳಿಗೆ ತಂಗಲು ಮೆಮೊರಿಯಲ್ಲಿ ಜಾಗ ಬೇಕು. ಅದಕ್ಕೆ ಬಫರ್ ಎನ್ನುತ್ತಾರೆ; ಅವಳು ಡಬ್ಬಿ ಎನ್ನುತ್ತಿದ್ದಳು. ಅವಳು ಬರುವ ಮುಂಚೆ ಆ ಪ್ರೋಗ್ರಾಂ ಒಂದು ಡಬ್ಬಿಯಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ಸುರಿಯುತ್ತ ಕೂರುತ್ತಿತ್ತು. ಯಂತ್ರವೋ ಚಿಕ್ಕದು, ಏದುಸಿರು ಬಿಡುತ್ತಿತ್ತು. ಜಿಪುಣಕ್ಕ ಬಂದವಳೇ ಸುರಿಯುವ ಕೆಲಸವನ್ನೇ ಕಿತ್ತುಹಾಕಿದಳು. ಬಡಿತ ಬಂದು ಬಿದ್ದ ಡಬ್ಬಿಯಲ್ಲೇ ಇರಲಿ. ಪರದೆ ಬರೆಯುವ ಭಾಗಕ್ಕೂ ಕಿರುಚುವ ಭಾಗಕ್ಕೂ "ಇಂಥ ಡಬ್ಬಿಯಲ್ಲಿದೆ, ಹೋಗಿ ನೋಡ್ಕೊ" ಎಂದರೆ ಸಾಕು. ಕೆಲಸ ಮುಗಿದ ಡಬ್ಬಿ ವಾಪಸ್ ರಾಶಿಗೆ. ಅಲ್ಲಿಂದ ಯಾವ ಹಾಸಿಗೆ ಕೇಳಿದರೆ ಆ ಹಾಸಿಗೆಗೆ.

ಯಂತ್ರ ಹಗುರಾಗಿ ಹಾರಿತು. ಮ್ಯಾನೇಜರ್ ಎಲ್ಲರೆದುರು ಅವಳನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಚಪ್ಪಾಳೆ ತಟ್ಟದವನು ಒಬ್ಬನೇ, ಪ್ರೋಗ್ರಾಂಗಳನ್ನು ಪರೀಕ್ಷೆ ಮಾಡುವ ಹುದ್ದೆಯವನು. ಯಾವುದನ್ನು ಕೊಟ್ಟರೂ ಮೂಸಿ ನೋಡುವ ಅವನಿಗೆ ಸಂಶಯಪ್ಪ ಎಂದೇ ಹೆಸರು.

"ಅಕ್ಕಾ, ಡಬ್ಬಿ ವಾಪಸ್ ಹೋದಮೇಲೂ ಯಾರಾದ್ರೂ ಅದನ್ನೇ ನೋಡ್ತಾ ಕೂತಿದ್ರೆ?"

"ಯಾಕೆ ನೋಡ್ತಾರೆ? ವಾಪಸ್ ಅಂದ್ರೆ ಎಲ್ಲರ ಕೈಯೂ ಬಿಟ್ಟಿತು ಅಂತ. ಹಾಗಂತಾನೇ ಬರೆದಿದ್ದೀನಿ."

"ನೀವು ಬರೆದಿದ್ದೀರಿ. ಅದು ಕೇಳತ್ತಾ?"

"ನಿನ್ನ ಹೆಂಡತಿ ನಿನ್ನ ಜೊತೆ ಹೇಗೆ ಬಾಳ್ತಾಳೋ ಮಾರಾಯ," ಎಂದು ಅವಳು ನಕ್ಕಳು. ಅವನೂ ನಕ್ಕು ತನ್ನ ಜಾಗಕ್ಕೆ ಹೋದ. ಯಂತ್ರ ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು. ಮೊದಲು ಅದೇ ಊರಿನ ದೊಡ್ಡ ಆಸ್ಪತ್ರೆಗೆ, ಆಮೇಲೆ ದೂರದೂರದ ಸಣ್ಣಪುಟ್ಟ ಆಸ್ಪತ್ರೆಗಳಿಗೆ ಹೋಯಿತು.

ಊರಿನ ದೊಡ್ಡ ಆಸ್ಪತ್ರೆಯ ಹೃದಯದ ವಾರ್ಡಿನಲ್ಲೇ ಅವಳ ನಾದಿನಿ ನರ್ಸ್. ಗಂಡನ ತಂಗಿ, ಮಾತಿನ ಮಲ್ಲಿ. ರಜೆ ಸಿಕ್ಕಿದ ದಿನ ಅಣ್ಣನ ಮನೆಗೆ ಊಟಕ್ಕೆ ಬಂದರೆ ವಾರ್ಡಿನ ಕತೆಗಳ ಗಂಟನ್ನೇ ಬಿಚ್ಚುತ್ತಿದ್ದಳು. ಅವತ್ತು ಮಧ್ಯಾಹ್ನವೂ ಹಾಗೇ ಆಯಿತು.

"ಅಣ್ಣಾ, ನಮ್ಮ ವಾರ್ಡಿಗೆ ದೆವ್ವ ಬಂದಿದೆ ಗೊತ್ತಾ?"

ಶಾಲೆಯ ವ್ಯಾನ್ ಓಡಿಸುವ ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. "ನೀನು ಕೆಲಸಕ್ಕೆ ಸೇರಿದ ದಿನವೇ ಬಂತಲ್ಲ."

"ತಮಾಷೆ ಅಲ್ವೋ. ಕಿಟಕಿ ಪಕ್ಕದ ಹಾಸಿಗೆಯ ಮುದುಕರು ಹೋಗಿಬಿಟ್ರು. ಪಾಪ, ಒಳ್ಳೇ ಮನುಷ್ಯ. ಡಾಕ್ಟರು ಬಂದು ನೋಡಿ ಆಯ್ತು ಅಂದ್ರು. ನಾನೇ ಕೈಯಾರೆ ವೈರ್ ಬಿಚ್ಚಿದೆ. ಬಂದು ಪರದೆ ನೋಡ್ತೀನಿ, ಅವರ ಸಾಲಿನಲ್ಲಿ ಎದೆ ಹೊಡ್ಕೋತಾ ಇದೆ! ಟಿಕ್, ಟಿಕ್, ಟಿಕ್. ಬದುಕಿದ್ದಾಗ ಅಷ್ಟು ಚೆನ್ನಾಗಿ ಹೊಡ್ಕೊಂಡಿರಲಿಲ್ಲ ನೋಡು."

ಅಣ್ಣ ಈಗ ನಕ್ಕ. ಮಗಳು "ಅತ್ತೆ, ಆಮೇಲೆ?" ಎಂದು ಕಣ್ಣರಳಿಸಿದಳು.

"ಆಮೇಲೇನು, ಒಬ್ಬ ಆಯಾ ಕಿಟಾರನೆ ಕಿರುಚಿ ಓಡಿಹೋದಳು. ಬೆಳಿಗ್ಗೆ ನೆಲ ಒರೆಸೋರು ಪ್ಲಗ್ ಕಿತ್ತು ಮತ್ತೆ ಹಾಕಿದ್ಮೇಲೆ ಹೋಯ್ತು. ದಿನಾ ಕೀಳ್ತಾರಲ್ಲ, ಹಾಗೆ."

ಎಲ್ಲರೂ ನಗುತ್ತಿದ್ದರು. ಜಿಪುಣಕ್ಕನ ಕೈಯ ತುತ್ತು ಮಾತ್ರ ಬಾಯಿಯ ಹತ್ತಿರ ಬಂದು ನಿಂತುಬಿಟ್ಟಿತ್ತು.

"ಕಿರುಚಲಿಲ್ವಾ?" ಅವಳು ಕೇಳಿದಳು.

"ಅದೇ ಹೇಳಿದ್ನಲ್ಲ ಅತ್ತಿಗೆ, ಆಯಾ—"

"ಆಯಾ ಅಲ್ಲ ಕಣೇ. ಯಂತ್ರ. ಅವರು ಹೋಗುವಾಗ ಯಂತ್ರ ಕಿರುಚಿತಾ?"

ನಾದಿನಿ ಯೋಚಿಸಿದಳು. ಅವಳ ಮುಖದ ನಗು ಮೆಲ್ಲನೆ ಇಳಿಯಿತು. "ಇಲ್ಲ. ನಾನು ಮಾತ್ರೆ ಕೊಡೋಕೆ ಹೋಗಿ ನೋಡಿದ್ದು. ಯಾಕೆ ಅತ್ತಿಗೆ?"

"ಸುಮ್ನೆ ಕೇಳಿದೆ," ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ಕೆಳಗೆ ಕೈ ಹಿಡಿದು ನಿಂತಳು. ನೀರು ಹರಿಯುತ್ತಲೇ ಇತ್ತು.

ಮರುದಿನ ಆಫೀಸಿಗೆ ಹೋದವಳು ಯಾರ ಹತ್ತಿರವೂ ಮಾತಾಡದೆ ಪರೀಕ್ಷೆಯ ಯಂತ್ರದ ಮುಂದೆ ಕೂತಳು. ವೈರು ಕಿತ್ತಳು, ಹಾಕಿದಳು, ಕಿತ್ತಳು. ಯಂತ್ರ ಸಾಧು ಹಸುವಿನ ಹಾಗೆ ಪ್ರತಿ ಸಲವೂ ಗೆರೆ ನಿಲ್ಲಿಸಿತು, ಪ್ರತಿ ಸಲವೂ ಕಿರುಚಿತು. ಎರಡು ದಿನ ಹೀಗೇ. ದೆವ್ವ ಇರುವುದು ನಾದಿನಿಯ ಬಾಯಲ್ಲೇ ಇರಬೇಕು ಎಂದುಕೊಂಡು ಸಮಾಧಾನಪಡಲು ನೋಡಿದಳು. ಮನಸ್ಸು ಒಪ್ಪಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಸಂಶಯಪ್ಪನ ಬೆನ್ನ ಹಿಂದೆ ಹೋಗಿ ನಿಂತಳು.

"ಅವತ್ತು ಕೇಳಿದ್ಯಲ್ಲ, ಅದನ್ನ ಇನ್ನೊಂದು ಸಲ ಕೇಳು."

ಅವನು ಕುರ್ಚಿ ತಿರುಗಿಸಿ ಅವಳ ಮುಖ ನೋಡಿದ. ಪಕ್ಕದ ಸ್ಟೂಲು ಎಳೆದುಕೊಟ್ಟ.

ಇಬ್ಬರೂ ಸೇರಿ ಅವಳ ಪ್ರೋಗ್ರಾಮನ್ನು ಮೊದಲಿನಿಂದ ಓದಿದರು. ಎಷ್ಟೋ ಸಲ ತಾನೇ ಓದಿ ಮೆಚ್ಚಿಕೊಂಡಿದ್ದ ಸಾಲುಗಳವು. ಅವುಗಳ ನಡುವೆಯೇ ಕೂದಲೆಳೆಯಷ್ಟು ಸಂದು ಇತ್ತು. ಪರದೆಯ ಭಾಗ ಡಬ್ಬಿಯತ್ತ ಕೈ ಚಾಚುವುದಕ್ಕೂ, ಡಬ್ಬಿ ಸಿಕ್ಕಿತೆಂದು ಗುರುತು ಹಾಕುವುದಕ್ಕೂ ನಡುವಿನ ಸಂದು. ರೋಗಿಯ ವೈರು ಸಡಿಲವಾದದ್ದು ಸರಿಯಾಗಿ ಆ ಸಂದಿನಲ್ಲೇ ಆದರೆ, ಡಬ್ಬಿ ರಾಶಿಗೆ ವಾಪಸ್ ಹೋಗುತ್ತದೆ. ಪರದೆಯ ಭಾಗ ಮಾತ್ರ ಅದನ್ನೇ ನೋಡುತ್ತ ಕೂರುತ್ತದೆ. ರಾಶಿಯಿಂದ ಆ ಡಬ್ಬಿ ಬೇರೆ ಹಾಸಿಗೆಗೆ ಹೋಗುತ್ತದೆ. ಅಲ್ಲಿನ ಬಡಿತ ಅದರಲ್ಲಿ ತುಂಬುತ್ತದೆ. ಒಬ್ಬರ ಎದೆಬಡಿತ ಇಬ್ಬರ ಸಾಲಿನಲ್ಲಿ ಓಡುತ್ತದೆ.

"ಕಿರುಚೋ ಭಾಗ?" ಸಂಶಯಪ್ಪ ಕೇಳಿದ. ಉತ್ತರ ಅವನಿಗೂ ಗೊತ್ತಿತ್ತು.

"ಅದೂ ಅದೇ ಡಬ್ಬೀನೇ ನೋಡೋದು."

"ವೈರು ಮತ್ತೆ ಅಂಟಿಸಿದ್ರೆ ಸರಿಹೋಗಲ್ವಾ?"

"ಹೋಗಲ್ಲ. ಹೊಸ ಡಬ್ಬಿ ಬರತ್ತೆ, ಆದ್ರೆ ಅದನ್ನ ನೋಡೋರು ಯಾರೂ ಇರಲ್ಲ. ಯಂತ್ರ ಆರಿಸಿ ಹಚ್ಚೋವರೆಗೂ ಹೀಗೇ."

ಪಕ್ಕದ ಸಾಲಿನಲ್ಲಿ ಯಾರೋ ಹುಟ್ಟುಹಬ್ಬದ ಕೇಕು ಕತ್ತರಿಸಿ ಕೈತಟ್ಟುತ್ತಿದ್ದರು.

ಮ್ಯಾನೇಜರ್ ಕೆಟ್ಟವರಲ್ಲ. ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನೀವು ಕಣ್ಣಾರೆ ನೋಡಿದ್ದೀರಾ?"

"ಇಲ್ಲ ಸರ್. ಪ್ರೋಗ್ರಾಮಿನಲ್ಲಿ ನೋಡಿದ್ದೀನಿ."

"ಯಂತ್ರದಲ್ಲಿ ಆಗೋದನ್ನ ತೋರಿಸಿ. ತೋರಿಸದೆ ನಾನು ಮೇಲಿನವರ ಹತ್ತಿರ ಏನು ಅಂತ ಹೇಳ್ಲಿ? ಮುಂದಿನ ಆವೃತ್ತಿಯಲ್ಲಿ ಸರಿಮಾಡಿ ಸೇರಿಸೋಣ. ಅಲ್ಲಿವರೆಗೂ ಈ ಮಾತು ಈ ಬಾಗಿಲು ದಾಟಬಾರದು."

"ಅಲ್ಲಿವರೆಗೂ ಆ ವಾರ್ಡುಗಳಲ್ಲಿ ಮಲಗಿರೋರು, ಸರ್?"

ಮ್ಯಾನೇಜರ್ ಅವಳನ್ನು ನೋಡಲಿಲ್ಲ. "ಸತ್ತವರ ಗೆರೆ ಸ್ವಲ್ಪ ಹೊತ್ತು ಓಡಿದ್ರೆ ಯಾರಿಗೇನು ನಷ್ಟ ಮೇಡಂ," ಎಂದರು. ಅಂದ ಮೇಲೆ ತಮಗೇ ಕೇಳಿಸಿತೇನೋ, ಗಂಟಲು ಸರಿಮಾಡಿಕೊಂಡರು.

ಅವಳು ಆ ಮಧ್ಯಾಹ್ನವೇ ಆಸ್ಪತ್ರೆಗೆ ಹೋದಳು. ತಾನು ಬರೆದದ್ದು ಕೆಲಸ ಮಾಡುವ ಜಾಗಕ್ಕೆ ಅವಳು ಹೋದದ್ದು ಅದೇ ಮೊದಲು. ವಾರ್ಡಿನಲ್ಲಿ ಫಿನಾಯಿಲಿನ ವಾಸನೆ. ಹಾಸಿಗೆಗಳ ಮೇಲೆ ನಿದ್ದೆ, ನರಳಾಟ, ಕಿತ್ತಳೆ ಸುಲಿಯುವ ನೆಂಟರು. ನಾದಿನಿಯ ಮೇಜಿನ ಮೇಲೆ ಆ ಪರದೆ. ಹಸಿರು ಗೆರೆಗಳು ಒಂದರ ಕೆಳಗೊಂದು ಸದ್ದಿಲ್ಲದೆ ಓಡುತ್ತಿದ್ದವು. ಒಂದು ಅವಸರದ್ದು, ಒಂದು ಸೋಮಾರಿ, ಒಂದು ನಡುನಡುವೆ ಎಡವುವಂಥದ್ದು. ಒಂದರ ಹಾಗೆ ಇನ್ನೊಂದಿಲ್ಲ. ಅವಳಿಗೆ ಸ್ವಲ್ಪ ಉಸಿರು ಬಂತು.

ಆಮೇಲೆ ನೋಡಿದಳು. ಎಡವುವ ಗೆರೆ ಒಂದಲ್ಲ, ಎರಡು. ಮೇಲಿನ ಸಾಲಿನಲ್ಲಿ ಅದು ಎಡವಿದಾಗಲೇ ಕೆಳಗಿನ ಸಾಲಿನಲ್ಲೂ ಎಡವುತ್ತಿತ್ತು. ಮೇಲೆ ಸಾವರಿಸಿಕೊಂಡಾಗ ಕೆಳಗೂ ಸಾವರಿಸಿಕೊಳ್ಳುತ್ತಿತ್ತು. ಒಂದೇ ಹೆಜ್ಜೆಯಲ್ಲಿ ನಡೆಯುವ ಅವಳಿಗಳ ಹಾಗೆ.

"ಈ ಕೆಳಗಿನ ಸಾಲು ಯಾರದು?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

"ಅದೋ, ಬಾಗಿಲ ಹತ್ತಿರದವರು. ಟೈಲರ್. ಇವತ್ತು ಆರಾಮಾಗಿದ್ದಾರೆ."

ಟೈಲರ್ ಹಾಸಿಗೆಯಲ್ಲಿ ಒರಗಿ ಹೆಂಡತಿಯ ಜೊತೆ ಏನೋ ಮಾತಾಡುತ್ತಿದ್ದರು. ಮಗ್ಗುಲು ಬದಲಿಸಿದಾಗ ಕಿತ್ತು ಬಂದ ವೈರು ಮಂಚದ ಅಂಚಿನಿಂದ ನೇತಾಡುತ್ತಿತ್ತು. ಅದರ ತುದಿ ಯಾರ ಎದೆಯನ್ನೂ ಮುಟ್ಟುತ್ತಿರಲಿಲ್ಲ. ಪರದೆಯಲ್ಲಿ ಅವರ ಹೃದಯ ಎಡವುತ್ತ, ಸಾವರಿಸಿಕೊಳ್ಳುತ್ತ, ನೆಮ್ಮದಿಯಾಗಿ ಓಡುತ್ತಿತ್ತು.

ಅವಳು ನಾದಿನಿಗೆ ಬೆರಳು ಮಾಡಿ ತೋರಿಸಿದಳು. ನಾದಿನಿ ಪರದೆ ನೋಡಿದಳು, ವೈರು ನೋಡಿದಳು, ಮತ್ತೆ ಪರದೆ ನೋಡಿದಳು.

"ಅತ್ತಿಗೆ, ಏನಿದು?"

"ನಂದೇ ತಪ್ಪು. ಆಮೇಲೆ ಹೇಳ್ತೀನಿ. ಈಗ ಯಂತ್ರ ಆರಿಸಿ ಹಚ್ಚು. ಪಾಳಿ ಬದಲಾದಾಗೆಲ್ಲ ಆರಿಸಿ ಹಚ್ಚಿ. ಪರದೆಯನ್ನ ನಂಬಬೇಡಿ, ಕೈ ಹಿಡಿದು ನೋಡಿ."

"ಇಷ್ಟು ಜನರದ್ದು ಕೈ ಹಿಡೀತಾ ಕೂರೋಕೆ ಆಗಲ್ಲ ಅಂತ ತಾನೇ ಈ ಯಂತ್ರ ತಂದಿದ್ದು!" ನಾದಿನಿಯ ದನಿ ಒಡೆಯಿತು. "ಕಿಟಕಿ ಪಕ್ಕದವರು... ನಾನು ಅವರ ಸಾಲು ನೋಡ್ತಾನೇ ಇದ್ದೆ ಅತ್ತಿಗೆ. ಚೆನ್ನಾಗೇ ಇತ್ತಲ್ಲ ಅಂತ, ಆ ಕಡೆ ಹೋಗಲೇ ಇಲ್ಲ."

ಆ ಮುದುಕರ ಎದೆ ಯಾವಾಗ ನಿಂತಿತು, ಬೇಗ ಓಡಿಬಂದಿದ್ದರೆ ಉಳಿಯುತ್ತಿದ್ದರೇ, ಯಾರೂ ಹೇಳುವಂತಿರಲಿಲ್ಲ. ಆ ಡಬ್ಬಿಯಲ್ಲಿ ಅಂದಿನಿಂದ ಎಷ್ಟೋ ಜನರ ಬಡಿತ ಬಂದು ಹೋಗಿತ್ತು. ಹಳೆಯದನ್ನು ಉಳಿಸಿಟ್ಟುಕೊಳ್ಳುವ ದುಂದನ್ನು ಅವಳೇ ಕಿತ್ತುಹಾಕಿದ್ದಳು.

ಅವಳು ನೇರ ವಾರ್ಡಿನ ದೊಡ್ಡ ಡಾಕ್ಟರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಾತು ಬಾಗಿಲು ದಾಟಿತು. ಡಾಕ್ಟರು ಕಂಪನಿಗೆ ಫೋನು ಮಾಡಿ ಕೂಗಾಡಿದರು. ಮ್ಯಾನೇಜರ್ ಅವಳನ್ನು ಕರೆಸಿ, ಕೂರಲೂ ಹೇಳದೆ, "ನೀವು ಮಾಡಿದ್ದರಿಂದ ಇಷ್ಟು ಜನರ ಕೆಲಸ ಹೋಗಬಹುದು, ಗೊತ್ತಾ?" ಎಂದರು. "ಗೊತ್ತು ಸರ್," ಎಂದಳು.

ಅವಳೂ ಸಂಶಯಪ್ಪನೂ ಕೂತು ಸರಿಮಾಡಿದರು. ಪ್ರತಿ ಡಬ್ಬಿಯ ಮೇಲೂ ಈಗ ಅದನ್ನು ಯಾರು ಯಾರು ನೋಡುತ್ತಿದ್ದಾರೆ ಎಂಬ ಲೆಕ್ಕ. ಕೊನೆಯವರೂ ಕೈ ಬಿಟ್ಟಮೇಲೆಯೇ ಡಬ್ಬಿ ರಾಶಿಗೆ ಹೋಗಬೇಕು. ಕೈ ಚಾಚುವುದೂ ಗುರುತು ಹಾಕುವುದೂ ಒಂದೇ ಏಟಿಗೆ ಆಗಬೇಕು. ಇದಕ್ಕೆ ಮೆಮೊರಿ ಹೆಚ್ಚು ತಿನ್ನುತ್ತಿತ್ತು, ಯಂತ್ರ ಸ್ವಲ್ಪ ನಿಧಾನವೂ ಆಯಿತು. "ತಿನ್ನಲಿ ಬಿಡು," ಎಂದಳು ಜಿಪುಣಕ್ಕ. ಅವಳ ಬಾಯಲ್ಲಿ ಆ ಮಾತು ಕೇಳಿ ಸಂಶಯಪ್ಪನಿಗೆ ನಗು ಬರಲಿಲ್ಲ.

ಹೊಸ ಪ್ರೋಗ್ರಾಂ ಎಲ್ಲ ಆಸ್ಪತ್ರೆಗಳಿಗೂ ಹೋಯಿತು. ಹಾಕಿಕೊಂಡೆವು ಎಂದು ಒಂದೊಂದೇ ಆಸ್ಪತ್ರೆಯಿಂದ ಉತ್ತರ ಬಂತು. ಗುಡ್ಡದಾಚೆಯ ಒಂದು ಸಣ್ಣ ಆಸ್ಪತ್ರೆಯಿಂದ ಮಾತ್ರ ಬರಲಿಲ್ಲ. ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. "ಹಾಕ್ಕೊಂಡಿರ್ತಾರೆ ಬಿಡಿ," ಎಂದರು ಮ್ಯಾನೇಜರ್. ಅವಳು ರಜೆ ಹಾಕಿದಳು. ಸಂಶಯಪ್ಪನೂ ಹಾಕಿದ. ಇಬ್ಬರೂ ಬೆಳಿಗ್ಗೆ ಬಸ್ಸು ಹತ್ತಿದರು.

ಬಸ್ಸು ಮೇಲೇರುತ್ತಿದ್ದಂತೆ ಮಂಜು ಇಳಿಯಿತು. ರಸ್ತೆಯ ಪಕ್ಕದ ಫೋನಿನ ಕಂಬಗಳು ಅಲ್ಲಲ್ಲಿ ವಾಲಿದ್ದವು. ತಂತಿ ಹರಿದು ಹುಲ್ಲಿನ ಮೇಲೆ ಬಿದ್ದಿತ್ತು. ಅವಳು ದಾರಿಯುದ್ದಕ್ಕೂ ಹೊಸ ಪ್ರೋಗ್ರಾಂ ಇದ್ದ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಆಸ್ಪತ್ರೆ ಒಂದೇ ಮಹಡಿಯದು. ಉದ್ದನೆಯ ಒಂದು ಕೋಣೆ, ಅದೇ ವಾರ್ಡು. ತಲೆ ನರೆತ ಹಿರಿಯ ನರ್ಸ್ ಒಬ್ಬರು ಎದ್ದು ಬಂದರು. ಯಂತ್ರದ ಕಂಪನಿಯವರೆಂದು ಕೇಳಿ ಅವರ ಮುಖ ಅರಳಿತು.

"ಬನ್ನಿ ಬನ್ನಿ. ಗಾಳಿ ಮಳೆಗೆ ಫೋನು ಸತ್ತು ಎಷ್ಟೋ ದಿನ ಆಯ್ತು, ನಾವಿಲ್ಲಿ ಕಾಡುಪಾಲು. ಆದ್ರೆ ನಿಮ್ಮ ಯಂತ್ರಕ್ಕೆ ಮಾತ್ರ ಕೈ ಮುಗೀಬೇಕು ನೋಡಿ. ಹಳೇದು ದಿನಕ್ಕೆ ಹತ್ತು ಸಲ ಕಿರುಚಿ ಪ್ರಾಣ ತಿಂತಿತ್ತು. ಇದು ಬಂದ ಹೊಸದರಲ್ಲಿ ಸ್ವಲ್ಪ ಕೂಗ್ತಿತ್ತು. ಈಗಂತೂ ಚಕಾರ ಎತ್ತಲ್ಲ."

ಸಂಶಯಪ್ಪ ಅವಳ ಕಡೆ ನೋಡಿದ.

"ಅಮ್ಮಾ, ಇದನ್ನ ಯಾವಾಗ್ಲಾದ್ರೂ ಆರಿಸಿ ಹಚ್ತೀರಾ?" ಅವಳು ಕೇಳಿದಳು.

"ಅಯ್ಯೋ, ಎಲ್ಲಾದ್ರೂ ಉಂಟೇ! ರೋಗಿಗಳ ಯಂತ್ರ. ಒಂದು ದಿನವೂ ಆರಿಸಿಲ್ಲ."

ಅವಳು ಪರದೆಯ ಮುಂದೆ ಹೋಗಿ ನಿಂತಳು. ಹಾಸಿಗೆಗಳಷ್ಟೇ ಸಾಲುಗಳು. ಎಲ್ಲ ಸಾಲಿನಲ್ಲೂ ಹಸಿರು ಗೆರೆ ಒಟ್ಟಿಗೆ ಏರಿತು, ಒಟ್ಟಿಗೆ ಇಳಿಯಿತು. ಮತ್ತೆ ಒಟ್ಟಿಗೆ ಏರಿತು. ಗಟ್ಟಿಮುಟ್ಟಾದ, ನಿಧಾನವಾದ, ಚೆಂದದ ಬಡಿತ. ಕೋಣೆಯ ತುದಿಯಲ್ಲಿ ಕಾಲು ಮುರಿದುಕೊಂಡ ಯುವಕನೊಬ್ಬ, ಎಲ್ಲರಂತೆ ಎದೆಗೆ ವೈರು ಅಂಟಿಸಿಕೊಂಡು, ಸೀಟಿ ಹಾಕುತ್ತ ಕಿಟಕಿಯಾಚೆ ನೋಡುತ್ತಿದ್ದ. ಆ ಬಡಿತ ಅವನದಿರಬೇಕು; ಆರಿಸದೆ ಬಿಟ್ಟಷ್ಟು ದಿನದಲ್ಲಿ ಒಂದೊಂದೇ ಸಾಲು ಅವನ ಡಬ್ಬಿಗೆ ಜೋತುಬಿದ್ದಿತ್ತು.

ಅವಳು ಚೀಲ ಅಲ್ಲೇ ನೆಲಕ್ಕೆ ಬಿಟ್ಟು ಹತ್ತಿರದ ಹಾಸಿಗೆಗೆ ಹೋಗಿ ಕೈ ಹಿಡಿದಳು. ಬೆಚ್ಚಗಿತ್ತು, ನಾಡಿ ಸಿಕ್ಕಿತು. ಮುಂದಿನದು. ಅದೂ ಸಿಕ್ಕಿತು. ಸಂಶಯಪ್ಪ ಆ ಬದಿಯಿಂದ ಬರುತ್ತಿದ್ದ. ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದ ಹೆಂಗಸೊಬ್ಬಳ ಮಣಿಕಟ್ಟು ಹಿಡಿದಾಗ ಅವಳ ಬೆರಳಿಗೆ ಮೊದಲು ಸಿಕ್ಕಿದ್ದು ಬೆವರು. ಅದರಡಿಯಲ್ಲಿ ನಾಡಿ ಬೋನಿಗೆ ಬಿದ್ದ ಹಕ್ಕಿಯ ಹಾಗೆ ಪಟಪಟಿಸಿ, ನಿಂತು, ಮತ್ತೆ ಪಟಪಟಿಸುತ್ತಿತ್ತು. ತುಟಿ ನೀಲಿಗಟ್ಟಿತ್ತು.

"ಡಾಕ್ಟರನ್ನ ಕರೀರಿ!" ಅವಳು ಕೂಗಿದಳು. "ಪರದೆ ನೋಡ್ಬೇಡಿ ಅಮ್ಮಾ, ಇಲ್ಲಿ ಬನ್ನಿ!"

ಹಿರಿಯ ನರ್ಸ್ ಆದರೂ ಒಮ್ಮೆ ಪರದೆಯ ಕಡೆ ನೋಡಿಯೇ ಓಡಿಬಂದರು. ಕೈ ಹಿಡಿದೊಡನೆ ಅವರ ಮುಖದ ಬಣ್ಣ ಹೋಯಿತು. ಡಾಕ್ಟರು ಬಂದರು, ಸೂಜಿ ಚುಚ್ಚಿದರು, ಆಮ್ಲಜನಕದ ಸಿಲಿಂಡರ್ ಉರುಳಿಸಿಕೊಂಡು ಬಂದರು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಆ ಹೆಂಗಸು ಕಣ್ಣು ಬಿಟ್ಟು ನೀರು ಕೇಳಿದಳು. ಉಳಿದಳು.

ಸಂಶಯಪ್ಪ ಯಂತ್ರ ಆರಿಸಿ ಹೊಸ ಪ್ರೋಗ್ರಾಂ ಹಾಕಿದ. ಪರದೆ ಹೊತ್ತಿಕೊಂಡಾಗ ಗೆರೆಗಳು ಚದುರಿ ತಂತಮ್ಮ ದಾರಿ ಹಿಡಿದವು. ಹಚ್ಚಿದ ಮರುಗಳಿಗೆಯೇ ಯಂತ್ರ ಕಿರುಚಲು ಶುರುಮಾಡಿತು, ಒಂದು ಸಾಲಿಗಲ್ಲ, ಮೂರಕ್ಕೆ. ಡಾಕ್ಟರು ಇನ್ನೊಬ್ಬ ನರ್ಸಿನ ಜೊತೆ ಆ ಹಾಸಿಗೆಗಳತ್ತ ನಡೆದರು.

ಹಿರಿಯ ನರ್ಸ್ ಹೋಗಲಿಲ್ಲ. ಬೆಂಚಿನ ಮೇಲೆ ಜಿಪುಣಕ್ಕನ ಪಕ್ಕ ಬಂದು ಕೂತರು. ಅವಳು ಎಲ್ಲವನ್ನೂ ಹೇಳಿದಳು. ಡಬ್ಬಿಯದು, ಸಂದಿನದು, ತಾನೇ ಬರೆದದ್ದು ಎಂಬುದನ್ನೂ. ಅವರು ಬೈಯಲಿಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು ತುಂಬಾ ಹೊತ್ತು ಕೇಳಿದರು.

"ಹಾಗಾದ್ರೆ ಇದು ಯಾವತ್ತಿಂದ ಹೀಗಿತ್ತು?"

"ಗೊತ್ತಿಲ್ಲ ಅಮ್ಮಾ. ತಿಳ್ಕೊಳ್ಳೋ ದಾರೀನೇ ಇಲ್ಲ."

ಅವರು ಹೂಂ ಎಂದರು. ವಾರ್ಡಿನ ಹಾಸಿಗೆಗಳನ್ನು ಆ ತುದಿಯಿಂದ ಈ ತುದಿಗೆ ನೋಡುತ್ತ ಬಂದರು, ಈಗ ಮಲಗಿರುವವರನ್ನಲ್ಲ, ಮುಂಚೆ ಮಲಗಿದ್ದವರನ್ನು ಎಂಬಂತೆ. ಒಂದೊಂದು ಹಾಸಿಗೆಯ ಹತ್ತಿರವೂ ಅವರ ಕಣ್ಣು ತಡೆಯಿತು. ತುಟಿ ಅಲುಗುತ್ತಿತ್ತು, ತೀರಿಹೋದವರ ಹೆಸರುಗಳೇ ಇರಬೇಕು. ಜಿಪುಣಕ್ಕ ಎದ್ದುಹೋಗಲಾರದೆ, ಕೇಳಲಾರದೆ, ಅವರ ಪಕ್ಕದಲ್ಲೇ ಕೂತಿದ್ದಳು. ಕೆಳಗೆ ರಸ್ತೆಯಲ್ಲಿ ವಾಪಸ್ ಹೋಗುವ ಬಸ್ಸು ಹಾರನ್ ಹಾಕಿತು. ಸಂಶಯಪ್ಪ ಬಾಗಿಲಿಗೆ ಬಂದು ನೋಡಿ, ಅವಳನ್ನು ಕರೆಯದೆ, ಬಸ್ಸನ್ನು ಹೋಗಲು ಬಿಟ್ಟ.